ಸೂರ್ಯನ ಹಿಂದಿನವರ ಒಪ್ಪಿಗೆ

ಮೊದಲು ತೀರ್ಮಾನ ಬಂದಿತು. ಅಭಿಪ್ರಾಯ ಕೇಳುವ ಪತ್ರ ಮರುದಿನ ಬಂದಿತು.

ಭೂಮಿಯಿಂದ ಹೊರಡುವಾಗ ಎರಡೂ ಸರಿಯಾದ ಕ್ರಮದಲ್ಲಿಯೇ ಹೊರಟಿದ್ದವು. ಆದರೆ ಆಗ ಭೂಮಿಗೂ ನಮಗೂ ನಡುವೆ ಸೂರ್ಯ ನಿಂತಿದ್ದ. ಎರಡು ವರ್ಷಕ್ಕೊಮ್ಮೆ ಹೀಗಾಗುತ್ತದೆ. ಮಂಗಳ ಗ್ರಹ ಸೂರ್ಯನ ಆಚೆ ಬದಿಗೆ ಸರಿದಾಗ ಎರಡು ವಾರದ ಮಟ್ಟಿಗೆ ಇಲ್ಲಿಂದ ಅಲ್ಲಿಗೆ ಮಾತು ಹೋಗುವುದಿಲ್ಲ, ಅಲ್ಲಿಂದ ಬರುವುದೂ ಇಲ್ಲ. ಆ ಅವಧಿ ಮುಗಿಯುತ್ತಲೇ ಕಾದು ಕುಳಿತ ಸಂದೇಶಗಳೆಲ್ಲ ಒಮ್ಮೆಗೇ ನುಗ್ಗುತ್ತವೆ. ಚಿಕ್ಕವು ಮೊದಲು, ದೊಡ್ಡವು ನಂತರ. ತೀರ್ಮಾನ ಎರಡು ಸಾಲಿನದು. ಅಭಿಪ್ರಾಯ ಕೇಳುವ ಪತ್ರ ಮೂವತ್ತು ಪುಟದ್ದು.

ಆ ಎರಡು ಸಾಲು ಹೀಗಿದ್ದವು. ಅನ್ಯಗ್ರಹಗಳಲ್ಲಿ ನೆಲೆಸಿದವರಿಗೆ ಇನ್ನು ಮುಂದೆ ಆಯಾ ಗ್ರಹದ ವರ್ಷವೇ ವರ್ಷ. ಆಕ್ಷೇಪ ಬಾರದ ಕಾರಣ ಮಂಗಳದ ಸದಸ್ಯರ ಪೂರ್ಣ ಸಮ್ಮತಿಯೊಂದಿಗೆ ಅಂಗೀಕರಿಸಲಾಗಿದೆ.

ಇದನ್ನು ತೀರ್ಮಾನಿಸಿದವರು ಸರಕಾರದವರಲ್ಲ, ಮಠದವರೂ ಅಲ್ಲ. ‘ತಿಥಿಮಾಲೆ’ ಎಂಬ ಪಂಚಾಂಗದ ತಂತ್ರಾಂಶ ಒಂದಿದೆ. ಅದನ್ನು ನಡೆಸುವ ಬಳಗದವರು. ಅದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು, ಒಳಗೆ ಲೆಕ್ಕ ಹೇಗೆ ಹಾಕಿದ್ದಾರೆಂದು ತೆರೆದು ನೋಡಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ತಿದ್ದಿದ್ದು ಸರಿಯೆನಿಸಿದರೆ ಬಳಗದವರು ಸೇರಿಸಿಕೊಳ್ಳುತ್ತಾರೆ. ಹಾಗೆ ಒಂದಾದರೂ ತಿದ್ದುಪಡಿ ಸೇರಿದವರಿಗೆ ಅಂದಿನಿಂದ ಒಂದು ವರ್ಷ ಮತದ ಹಕ್ಕು. ಏನನ್ನಾದರೂ ಬದಲಾಯಿಸಬೇಕೆಂದರೆ ಎಲ್ಲರಿಗೂ ತಿಳಿಸಿ ಮೂರು ದಿನ ಕಾಯುತ್ತಾರೆ. ಮೂರು ದಿನದಲ್ಲಿ ಬಾಯಿ ಬಿಡದವರು ಒಪ್ಪಿದರೆಂದು ಲೆಕ್ಕ. ಸಂಬಳವಿಲ್ಲದೆ ದುಡಿಯುವ ಜನ, ಪ್ರತಿಯೊಬ್ಬರ ಉತ್ತರಕ್ಕೂ ಕಾಯುತ್ತ ಕುಳಿತರೆ ಕೆಲಸ ಮುಂದೆ ಹೋಗುವುದಿಲ್ಲವೆಂದು ಮಾಡಿಕೊಂಡ ನಿಯಮ ಅದು. ಭೂಮಿಯ ಮೇಲೆ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಅಲ್ಲಿ ಯಾರೂ ಸೂರ್ಯನ ಹಿಂದೆ ಹೋಗುವುದಿಲ್ಲವಲ್ಲ.

ಇಲ್ಲಿ, ಅರುಣನೆಲೆಯಲ್ಲಿ, ಆ ಬಳಗದ ಸದಸ್ಯೆ ಒಬ್ಬಳೇ. ನನ್ನ ಮಗಳು ವೈಜಯಂತಿ. ನೆಲೆಯ ಸಂಪರ್ಕ ಕೊಠಡಿಯಲ್ಲಿ ಅವಳಿಗೆ ಕೆಲಸ. ತಿಥಿಯೆಂದರೆ ಭೂಮಿಯಿಂದ ನೋಡುವಾಗ ಸೂರ್ಯ ಚಂದ್ರರ ನಡುವೆ ಬೀಳುವ ಕೋನ. ಅದು ಎಲ್ಲಿ ಕುಳಿತು ಎಣಿಸಿದರೂ ಒಂದೇ. ಆದರೆ ಯಾವ ತಿಥಿಯನ್ನು ಯಾವ ದಿನ ಆಚರಿಸಬೇಕೆಂಬುದು ನಾವಿರುವ ಊರಿನ ಸೂರ್ಯೋದಯ, ಮಧ್ಯಾಹ್ನಗಳನ್ನು ನೋಡಿ ನಿರ್ಣಯವಾಗುತ್ತದೆ. ಮಂಗಳದ ದಿನ ಭೂಮಿಯ ದಿನಕ್ಕಿಂತ ಸ್ವಲ್ಪ ಉದ್ದ. ದಿನ ಕಳೆದಂತೆ ಎರಡೂ ಹೊಂದದೆ ಹೋಗುತ್ತವೆ. ಅದನ್ನು ಹೊಂದಿಸುವ ಲೆಕ್ಕ ಬರೆದು ತಿಥಿಮಾಲೆಗೆ ಸೇರಿಸಿದವಳು ವೈಜಯಂತಿ. ಹೀಗೆ ಅವಳು ಸದಸ್ಯೆಯಾದಳು. ಹೀಗೆಯೇ ಅವಳು ಸೂರ್ಯನ ಹಿಂದೆ ಇದ್ದುಕೊಂಡು, ಏನನ್ನೂ ಕೇಳದೆ, ಏನನ್ನೂ ಹೇಳದೆ, ‘ಪೂರ್ಣ ಸಮ್ಮತಿ’ ಕೊಟ್ಟಳು.

ಇದರಲ್ಲಿ ಇಷ್ಟೊಂದು ರೇಗುವುದಕ್ಕೆ ಏನಿದೆ ಎಂದು ಭೂಮಿಯವರು ಕೇಳಿದರು. ಹೇಳುತ್ತೇನೆ.

ನನ್ನ ಹೆಸರು ಬಿಂದುಮಾಧವ ರಾವ್. ರಾಯಚೂರು ಕಡೆಯ ಗಣಿಯೊಂದರಲ್ಲಿ ನೆಲದಡಿಗೆ ಗಾಳಿ ಊದುವ ವಿದ್ಯೆ ಕಲಿತವನು. ಆ ವಿದ್ಯೆಗೆ ಮಂಗಳದಲ್ಲಿ ಬೇಡಿಕೆಯಿದೆಯೆಂದು ಹೆಂಡತಿ ಮಗಳನ್ನು ಕರೆದುಕೊಂಡು ಬಂದೆ. ನಮ್ಮ ಮದುವೆಯ ಕಾಲಕ್ಕೆ ಮಂದಾಕಿನಿಯ ಜಾತಕದಲ್ಲಿ ಕುಜದೋಷವಿದೆಯೆಂದು ನಮ್ಮ ಮನೆಯವರು ತಿಂಗಳುಗಟ್ಟಲೆ ಎಳೆದಾಡಿದ್ದರು. ಕಡೆಗೆ ಕುಜನ ಮೇಲೆಯೇ ಸಂಸಾರ ಹೂಡಿದೆವು. ಹೊಸದಾಗಿ ಬಂದವರಿಗೆಲ್ಲ ಅವಳು ಅದನ್ನು ಹೇಳಿ ನಗುತ್ತಿದ್ದಳು.

ಕಳೆದ ಆಷಾಢ ಬಹುಳ ಪಂಚಮಿಯ ದಿನ ಅವಳು ತೀರಿಕೊಂಡಳು. ಇಲ್ಲಿಯ ಧೂಳು ಹಿಟ್ಟಿಗಿಂತ ನುಣ್ಣಗೆ. ಎಷ್ಟು ಸೋಸಿದರೂ ಒಳಗೆ ಬರುತ್ತದೆ. ಅದು ಅವಳ ಎದೆಯಲ್ಲಿ ಕುಳಿತಿತು. ಕೊನೆಯ ಮೂರು ತಿಂಗಳು ಅವಳಿಗೆ ನಳಿಕೆಯಲ್ಲಿ ಹೋಗುವ ಗಂಜಿಯೇ ಆಹಾರ. ಅನ್ನ ಕೇಳುತ್ತಿದ್ದಳು. ವಿದ್ಯುತ್ ಒಲೆಯ ಅನ್ನವಲ್ಲ, ಅದಕ್ಕೆ ವಾಸನೆಯೇ ಇಲ್ಲವೆಂದು ಅವಳ ದೂರು. ಬೆಂಕಿಯ ಮೇಲೆ ಬೆಂದ ಬಿಸಿ ಅನ್ನ, ಮೆಂತ್ಯದ ಹಿಟ್ಟು, ಸ್ವಲ್ಪ ತುಪ್ಪ. ವೈದ್ಯರು ಒಂದು ತುತ್ತಿಗೂ ಒಪ್ಪಲಿಲ್ಲ. ಒಪ್ಪಿದ್ದರೂ ಬೆಂಕಿ ಎಲ್ಲಿಂದ ತರಲಿ?

ನಮ್ಮ ನೆಲೆಯಲ್ಲಿ ಬೆಂಕಿ ಹೊತ್ತಿಸುವುದು ಸಣ್ಣ ಮಾತಲ್ಲ. ಗುಡ್ಡಸಾಲಿನ ಆಚೆ ನೆಲದಲ್ಲಿ ಹೂತಿರುವ ಹಿಮವನ್ನು ಕೊರೆದು ತಂದು, ನೀರು ಮಾಡಿ, ಆ ನೀರನ್ನು ಒಡೆದು ನಾವು ಉಸಿರಾಡುವ ಆಮ್ಲಜನಕ ಮಾಡುತ್ತೇವೆ. ಬೆಂಕಿಗೂ ಅದೇ ಬೇಕು. ಆದ್ದರಿಂದ ಬೆಂಕಿಗೆಂದು ಒಂದೇ ಒಂದು ಕೋಣೆ. ದಪ್ಪ ಗೋಡೆ, ಭದ್ರವಾದ ಬಾಗಿಲು. ಹಸಿರುಮನೆಯ ಒಣ ಕಡ್ಡಿಗಳೇ ಅಲ್ಲಿಯ ಸೌದೆ. ಯಾರ ಮನೆಯಲ್ಲಿ ಯಾವ ಕರ್ಮವಿದೆಯೆಂಬುದನ್ನು ಅವರವರ ಪಂಚಾಂಗದಿಂದ ಗಾಳಿ ವಿಭಾಗದ ಯಂತ್ರವೇ ಓದಿಕೊಂಡು ಆ ದಿನಕ್ಕೆ ಬಾಗಿಲು ತೆರೆಯುತ್ತದೆ. ಬೇರೆ ದಿನ ತೆರೆಯುವುದಿಲ್ಲ. ಕೇಳಿಕೊಂಡರೂ ಇಲ್ಲ, ಅತ್ತರೂ ಇಲ್ಲ. ಮಂದಾಕಿನಿ ಸಾಯುತ್ತಿದ್ದದ್ದು ಯಾವ ಪಂಚಾಂಗದಲ್ಲೂ ಹಬ್ಬವಾಗಿರಲಿಲ್ಲ.

ನಮಗೆ ಗಂಡುಮಕ್ಕಳಿಲ್ಲ. ಅವಳ ಶ್ರಾದ್ಧ ನಾನೇ ಮಾಡಬೇಕು. ಮೊದಲ ವರ್ಷದ ತಿಥಿಗೆ ಅಗ್ನಿಕೋಣೆಯಲ್ಲಿ ನನ್ನ ಕೈಯಾರೆ ಅನ್ನ ಬೇಯಿಸಿ ಅವಳಿಗೆ ಇಡುವೆನೆಂದು ನಿಶ್ಚಯಿಸಿದ್ದೆ. ವರ್ಷವೆಲ್ಲ ನಾನು ಹಾಸಿಗೆಯಿಂದ ಎದ್ದದ್ದು ಆ ಒಂದು ಕೆಲಸಕ್ಕೆ. ಬಾಗಿಲಿನ ಪಕ್ಕದ ಫಲಕದಲ್ಲಿ ಅವಳ ಹೆಸರೂ ತಿಥಿಯ ದಿನಾಂಕವೂ ಬಂದಿದ್ದವು. ಬೆಳಗ್ಗೆ ಸಂಧ್ಯಾವಂದನೆ ಮುಗಿಸಿ ಆ ಕಡೆಯಿಂದ ಹೋಗುವಾಗ ಒಮ್ಮೆ ನೋಡಿಕೊಂಡು ಹೋಗುತ್ತಿದ್ದೆ.

ಸಂಪರ್ಕ ಮರಳಿದ ಮರುಗಳಿಗೆಯೇ ತಿಥಿಮಾಲೆ ತನ್ನಷ್ಟಕ್ಕೆ ತಾನು ಹೊಸದಾಯಿತು. ಫಲಕದಲ್ಲಿ ಮಂದಾಕಿನಿಯ ಮೊದಲ ವಾರ್ಷಿಕ ಮುಂದಿನ ವರ್ಷದ ಜ್ಯೇಷ್ಠಕ್ಕೆ ಹೋಗಿ ಕುಳಿತಿತು. ಮಂಗಳದ ವರ್ಷವೆಂದರೆ ಭೂಮಿಯ ಎರಡು ವರ್ಷಕ್ಕೆ ತುಸು ಕಡಿಮೆ.

ನಮ್ಮ ಹಿರಿಯರು ಒಂದು ಲೆಕ್ಕ ಹೇಳುತ್ತಿದ್ದರು. ಮನುಷ್ಯರ ಒಂದು ವರ್ಷ ಮೇಲಿನ ಲೋಕಕ್ಕೆ ಒಂದು ದಿನ. ವರ್ಷಕ್ಕೊಮ್ಮೆ ಇಟ್ಟರೆ ಹೋದವರಿಗೆ ದಿನಕ್ಕೊಂದು ಊಟ ಸಿಕ್ಕಂತೆ. ಇವರ ಹೊಸ ನಿಯಮದಿಂದ ದಿನ ಬಿಟ್ಟು ದಿನ ಊಟವಾಯಿತು. ಮೂರು ತಿಂಗಳು ಹಸಿದು ಹೋದವಳಿಗೆ.

ಮರುದಿನ ಸಂಪರ್ಕ ಕೊಠಡಿಗೆ ಹೋದೆ. ವೈಜಯಂತಿ ಆಗಲೇ ಮೂವತ್ತು ಪುಟ ಓದುತ್ತಿದ್ದಳು. ಬರೆದವನು ಯಾರೋ ಉತ್ಸಾಹಿ ತರುಣ. ಭೂಮಿಯಿಂದ ಹೊರಗೆ ಕಾಲಿಟ್ಟವನಲ್ಲ. ಮಂಗಳವಾಸಿಗಳ ಮೇಲೆ ಭೂಮಿಯ ವರ್ಷವನ್ನು ಹೇರುವುದು ಅವರ ಸ್ವಾತಂತ್ರ್ಯಕ್ಕೆ ಮಾಡುವ ಅವಮಾನವೆಂದೂ, ಅವರ ಆಕಾಶವನ್ನು ಅವರಿಗೆ ಮರಳಿಸುವುದು ನಮ್ಮ ಕರ್ತವ್ಯವೆಂದೂ ಇಪ್ಪತ್ತೆಂಟು ಪುಟ ಬರೆದಿದ್ದ. ಉಳಿದ ಎರಡು ಪುಟದಲ್ಲಿ ಲೆಕ್ಕವಿತ್ತು. ಲೆಕ್ಕ ಸರಿಯಾಗಿತ್ತು. ನಮ್ಮನ್ನು ಗೌರವಿಸುವ ಭರದಲ್ಲಿ ಒಂದು ಮಾತು ಕೇಳುವುದನ್ನು ಮಾತ್ರ ಆತ ಮರೆತಿದ್ದ.

ಬಳಗದ ಸಂಚಾಲಕರು ಸುಧನ್ವ ಊರಾಳರು. ಕರಾವಳಿಯ ಸಣ್ಣ ಪೇಟೆಯೊಂದರ ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಸಂಜೆ ಮನೆಗೆ ಬಂದು ಸ್ನಾನ ಮಾಡಿ ತಿಥಿಮಾಲೆಯ ಮುಂದೆ ಕೂರುತ್ತಾರೆ. ಅವರಿಗೂ ನಮಗೂ ಎದುರುಬದುರು ಮಾತು ಸಾಧ್ಯವಿಲ್ಲ. ನಾವು ಹೇಳಿದ್ದು ಅಲ್ಲಿಗೆ ಮುಟ್ಟಲು ಇಪ್ಪತ್ತು ನಿಮಿಷ ಬೇಕು, ಉತ್ತರ ಬರಲು ಮತ್ತೆ ಅಷ್ಟೇ. ಅವರ ದೃಶ್ಯಸಂದೇಶಗಳಲ್ಲಿ ಹೆಗಲ ಮೇಲೆ ಮೈ ಒರೆಸುವ ಬೈರಾಸು, ಕೈಯಲ್ಲಿ ಸೊಳ್ಳೆ ಹೊಡೆಯುವ ಬ್ಯಾಟು. ನಡುನಡುವೆ ಚಟ್ ಎಂಬ ಸದ್ದು. ಮಂಗಳದಲ್ಲಿ ಸೊಳ್ಳೆಯಿಲ್ಲ. ಆ ಸದ್ದು ಕೇಳಿದಾಗಲೆಲ್ಲ ವೈಜಯಂತಿ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಮೊದಲ ಸಂದೇಶದಲ್ಲಿ ಊರಾಳರು ಅತ್ತಿಗೆಯವರು ಹೋದದ್ದು ತಿಳಿದು ದುಃಖವಾಯಿತೆಂದರು. ನಿಯಮ ಮಾತ್ರ ನಿಯಮದಂತೆಯೇ ನಡೆದಿದೆಯೆಂದರು. ಮೂರು ದಿನ ಅವಕಾಶ ಕೊಟ್ಟಿದ್ದೇವೆ, ಪತ್ರ ಎಲ್ಲ ಸದಸ್ಯರಿಗೂ ಹೋಗಿದೆ, ಹೋದದ್ದಕ್ಕೆ ದಾಖಲೆಯಿದೆ. ಪತ್ರ ಸೂರ್ಯನೊಳಗೆ ಹೋಗಿದೆಯೆಂದು ನಾನು ತಿಳಿಸಿದೆ. ನಲವತ್ತು ನಿಮಿಷದ ನಂತರ, ಹಾಗಾದರೆ ಮರುಪರಿಶೀಲನೆಗೆ ಹಾಕಿ ಎಂದರು. ಹಾಕಬೇಕಾದವಳು ವೈಜಯಂತಿ. ಹಾಕಲು ಹೋದರೆ ಯಂತ್ರ ತೆಗೆದುಕೊಳ್ಳಲಿಲ್ಲ. ಅವಳ ಕೊನೆಯ ತಿದ್ದುಪಡಿ ಸೇರಿ ಭೂಮಿಯ ಒಂದು ವರ್ಷ ತುಂಬಿತ್ತು. ಸಂಪರ್ಕ ಕಡಿದ ಎರಡನೆಯ ವಾರದಲ್ಲಿ ಅವಳ ಮತದ ಹಕ್ಕು ಮುಗಿದಿತ್ತು.

ಅಂದರೆ, ಒಪ್ಪಿದಳೆಂದು ಎಣಿಸುವಾಗ ಅವಳು ಸದಸ್ಯೆ. ಒಪ್ಪುವುದಿಲ್ಲವೆನ್ನುವಾಗ ಸದಸ್ಯೆಯಲ್ಲ.

ಇನ್ನೊಂದು ತಿದ್ದುಪಡಿ ಸೇರಿದರೆ ಹಕ್ಕು ಮರಳುತ್ತದಂತೆ. ಅವಳು ಒಂದನ್ನು ಕಳಿಸಿ ಬಹಳ ಕಾಲವಾಗಿತ್ತು. ಧೂಳಿನ ಕಾಲದಲ್ಲಿ ಇಲ್ಲಿಯ ಸೂರ್ಯೋದಯ ಕೊಂಚ ಮೊದಲೇ ಕಾಣುತ್ತದೆ, ಅದಕ್ಕೆ ಸಂಬಂಧಪಟ್ಟದ್ದು. ಅದೇಕೆ ಸೇರಿಲ್ಲವೆಂದು ಕೇಳಿದರೆ, ಮಂಗಳದ ಸೂರ್ಯೋದಯವನ್ನು ಪರಿಶೀಲಿಸುವಷ್ಟು ತಿಳಿದ ಸದಸ್ಯರು ಸದ್ಯ ಯಾರೂ ಇಲ್ಲ ಎಂದು ಉತ್ತರ. ತಿಳಿದವರು ಯಾರಿದ್ದಾರೆ ಎಂದು ಕೇಳಿದೆ. ವೈಜಯಂತಿ ಇದ್ದಾರೆ, ಆದರೆ ತಮ್ಮ ತಿದ್ದುಪಡಿಯನ್ನು ತಾವೇ ಪರಿಶೀಲಿಸುವಂತಿಲ್ಲ ಎಂದರು.

ಆ ದಿನ ನಾನು ಮೈಕಿನ ಮುಂದೆ ಕುಳಿತು ಹೇಳಿದ ಮಾತು ಇದು.

“ಊರಾಳರ, ನಮ್ಮ ಸತ್ತವರಿಗೆ ಮಂಗಳದ ವರ್ಷ. ನಮ್ಮ ಮತಕ್ಕ ಭೂಮಿ ವರ್ಷ. ಇದು ಯಾವ ಊರಿನ ನ್ಯಾಯರೀ? ಎರಡಕ್ಕೂ ಒಂದs ವರ್ಷ ಹಿಡೀರಿ. ಯಾವುದಾರ ಹಿಡೀರಿ.”

ಉತ್ತರ ಬರುವವರೆಗೆ ನಾನೂ ವೈಜಯಂತಿಯೂ ಚಹಾ ಕುಡಿದೆವು. ತೆರೆಯ ಮೇಲೆ ಊರಾಳರು ಬ್ಯಾಟನ್ನು ಕೆಳಗಿಟ್ಟರು.

“ರಾಯರೇ, ನೀವು ಹೇಳಿದ್ದು ಸರಿ ಉಂಟು ಮಾರಾಯ್ರೇ. ನಮಗೆ ಹೊಳೆದೇ ಇಲ್ಲ. ಅದನ್ನೊಂದು ಪ್ರತ್ಯೇಕ ಪ್ರಸ್ತಾಪ ಮಾಡಿ ಹಾಕಿ. ಮತ ಇರುವ ಸದಸ್ಯರು ಯಾರಾದರೂ ಹಾಕಿದರೆ ಸಾಕು.”

ವೈಜಯಂತಿ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ನಕ್ಕು ನಕ್ಕು ಅತ್ತಳು. ಅಮ್ಮ ಹೋದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಒಂದು ವಾರ ಇದೇ ನಡೆಯಿತು. ಲೆಕ್ಕ ಬರೆದವರಿಗೆ ಮಾತ್ರ ಮತ ಯಾಕೆ, ಆ ಲೆಕ್ಕ ನಂಬಿ ಬದುಕುವವರಿಗೆ ಯಾಕಿಲ್ಲ ಎಂದು ನಾನು ಕೇಳಿದೆ. ಯಾವ ತೀರ್ಮಾನ ಯಾರಿಗೆ ತಟ್ಟುತ್ತದೋ ಅವರನ್ನು ಕೇಳಿಯೇ ಮುಂದೆ ಹೋಗಬೇಕು ಎಂದೆ. ಊರಾಳರಿಗೂ ಕೊನೆಗೆ ಬೇಸರ ಬಂದಿತು. ತಿಥಿಮಾಲೆಯನ್ನು ಎಷ್ಟು ಸಾವಿರ ಮನೆಯವರು ನೋಡುತ್ತಾರೆಂದು ಅವರಿಗೇ ಗೊತ್ತಿಲ್ಲ. ಎಲ್ಲರನ್ನೂ ಕೇಳಬೇಕೆಂದರೆ ಒಂದು ಏಕಾದಶಿ ನಿರ್ಣಯವಾಗುವುದರೊಳಗೆ ಹತ್ತು ಏಕಾದಶಿ ಕಳೆದಿರುತ್ತದೆ. ತಟ್ಟುವುದು ಯಾರಿಗೆ, ಎಲ್ಲಿಯವರೆಗೆ? ಉಪವಾಸ ಮಾಡುವವರಿಗೋ, ಅವರ ಮನೆಯ ಅಡಿಗೆಯವರಿಗೋ, ಅವರಿಗೆ ಬಾಳೆಎಲೆ ಮಾರುವವರಿಗೋ? ಗೆರೆ ಎಲ್ಲಿ ಎಳೆಯಲಿ, ನೀವೇ ಹೇಳಿ ಎಂದರು. ಎಲ್ಲಿ ಎಳೆಯಬೇಕೆಂದು ನನಗೂ ತಿಳಿಯದೆ ಇನ್ನಷ್ಟು ಸಿಟ್ಟು ಬಂದಿತು.

ಕಡೆಗೆ ದಾರಿ ತೋರಿಸಿದವರೂ ಊರಾಳರೇ. ತಿಥಿಮಾಲೆಯ ಒಂದು ಪ್ರತಿ ತೆಗೆದುಕೊಂಡು ನಿಮ್ಮದೇ ಕವಲು ಮಾಡಿಕೊಳ್ಳಿ ಎಂದರು. ಮುಕ್ತ ತಂತ್ರಾಂಶವೆಂದರೆ ಅದೇ. ತಡೆಯುವ ಅಧಿಕಾರ ತನಗಿಲ್ಲ, ಇದ್ದರೂ ತಡೆಯುತ್ತಿರಲಿಲ್ಲ ಎಂದು ಸೇರಿಸಿದರು. ಆಗಲೂ ಒಂದು ಸೊಳ್ಳೆ ಸತ್ತಿತು.

ವೈಜಯಂತಿ ಪ್ರತಿ ತೆಗೆದಳು, ಹೊಸ ನಿಯಮ ಕಿತ್ತು ಹಳೆಯ ಲೆಕ್ಕ ಕೂರಿಸಿದಳು. ಗಾಳಿ ವಿಭಾಗದವರನ್ನು ಕೇಳಿದ್ದಾಯಿತು. ನೆಲೆಯ ಅರ್ಧಕ್ಕಿಂತ ಹೆಚ್ಚು ಜನ ಒಪ್ಪಿದರೆ ಅಗ್ನಿಕೋಣೆಯ ಬಾಗಿಲನ್ನು ಈ ಪ್ರತಿಗೆ ಜೋಡಿಸುತ್ತೇವೆ, ಇಲ್ಲದಿದ್ದರೆ ಭೂಮಿಯದೇ ಇರಲಿ ಎಂದರು. ಯಾರ್ಯಾರಿಗೆ ಮತ ಎಂಬ ಪ್ರಶ್ನೆ ಬಂದಾಗ ಪಂಚಾಂಗ ನೋಡುವವರಿಗೆ ಸಾಕೆಂದು ನಾನು ಹೇಳಿದೆ. ವೈಜಯಂತಿ ನನ್ನನ್ನು ನೋಡಿದಳು. ಬೆಂಕಿ ನುಂಗುವ ಗಾಳಿ ಎಲ್ಲರದೂ ಅಲ್ಲವೇ, ಯಾರಿಗೆ ತಟ್ಟುತ್ತದೋ ಅವರನ್ನು ಕೇಳಬೇಕೆಂದು ವಾರವೆಲ್ಲ ಕೂಗಿದವನು ನೀನೇ ಅಲ್ಲವೇ ಎಂದಳು. ಸರಿ, ಎಲ್ಲರಿಗೂ ಮತ ಎಂದಾಯಿತು. ಉತ್ತರಕ್ಕೆ ಮೂರು ದಿನ ಕೊಟ್ಟು ಸೂಚನೆ ಹೊರಟಿತು. ಅವಳಿಗೆ ಅವಸರ, ನನಗೆ ಅದಕ್ಕಿಂತ ಅವಸರ. ತಿಥಿಗೆ ಉಳಿದಿದ್ದದ್ದು ನಾಲ್ಕೇ ದಿನ.

ಅಕ್ಕಿಯನ್ನು ನಾನು ನೆಲೆಯ ಉಗ್ರಾಣದಿಂದ ಮೊದಲೇ ತಂದಿಟ್ಟಿದ್ದೆ. ವೈಜಯಂತಿ ಕೆಲಸದಿಂದ ಬಂದು ಮೆಂತ್ಯದ ಹಿಟ್ಟು ಕುಟ್ಟಿದಳು. ಅಮ್ಮ ಅದಕ್ಕೆ ಜೀರಿಗೆ ಎಷ್ಟು ಹಾಕುತ್ತಿದ್ದಳೆಂದು ಇಬ್ಬರಿಗೂ ನೆನಪಿರಲಿಲ್ಲ. ಒಮ್ಮೆ ಕಡಿಮೆಯೆನಿಸಿತು, ಒಮ್ಮೆ ಹೆಚ್ಚೆನಿಸಿತು. ಕೇಳಬೇಕಾದವಳನ್ನು ಬಿಟ್ಟು ಬೇರೆ ಯಾರನ್ನು ಕೇಳುವುದು?

ತಿಥಿಯ ಬೆಳಗ್ಗೆ ನಾನು ಸ್ನಾನ ಮಾಡಿ, ಅರ್ಘ್ಯದ ನೀರನ್ನು ಬಟ್ಟಲಿಗೆ ಬಿಟ್ಟು, ಆ ನೀರನ್ನು ನೆಲೆಯ ನಿಯಮದಂತೆ ತೊಟ್ಟಿಗೆ ಮರಳಿಸಿ, ಒದ್ದೆ ಪಂಚೆಯಲ್ಲಿಯೇ ಸಂಪರ್ಕ ಕೊಠಡಿಗೆ ಹೋದೆ. ಮೂರು ದಿನ ಮುಗಿದಿತ್ತು. ವೈಜಯಂತಿ ಫಲಿತಾಂಶವನ್ನು ನೋಡುತ್ತ ಕುಳಿತಿದ್ದಳು. ಹೌದೆಂದವರ ಸಂಖ್ಯೆ ಅರ್ಧ ದಾಟಲು ನಾಲ್ಕು ಮತ ಕಡಿಮೆಯಿತ್ತು. ಬೇಡವೆಂದವರೂ ಸಾಕಷ್ಟಿದ್ದರು. ಆದರೆ ಕೆಳಗೆ ಯಂತ್ರ ತಾನಾಗಿಯೇ ಇನ್ನೊಂದು ಸಾಲು ಬರೆದಿತ್ತು. ಉತ್ತರ ಬಾರದವರು ಏಳು ಮಂದಿ, ಒಪ್ಪಿಗೆಯೆಂದು ಪರಿಗಣಿಸಲಾಗಿದೆ, ಪ್ರಸ್ತಾಪ ಅಂಗೀಕಾರಕ್ಕೆ ಸಿದ್ಧ.

ನಾವು ತಿಥಿಮಾಲೆಯನ್ನು ನಕಲು ಮಾಡಿಕೊಳ್ಳುವಾಗ ಅದರ ನಿಯಮಾವಳಿಯೂ ಜೊತೆಗೆ ಬಂದಿತ್ತು. ಒಂದು ವಾರ ನಾನು ಯಾವುದನ್ನು ಬೈದು ಬೈದು ಗಂಟಲು ಒಣಗಿಸಿಕೊಂಡಿದ್ದೆನೋ ಆ ಮೂರು ದಿನದ ನಿಯಮ ನಮ್ಮ ಹೆಸರಿನಲ್ಲಿ, ಅಕ್ಷರವೂ ಬದಲಾಗದೆ, ಕುಳಿತಿತ್ತು. ಇಬ್ಬರೂ ಅದನ್ನು ಓದಿ ನೋಡಿರಲಿಲ್ಲ.

ಏಳು ಮಂದಿ ಯಾರೆಂದು ಕೇಳಬೇಕಾಗಿರಲಿಲ್ಲ. ಹಿಮ ಕೊರೆಯುವ ತಂಡ. ಗುಡ್ಡಸಾಲಿನ ಆಚೆ ಇಳಿದರೆ ಅವರಿಗೆ ರೇಡಿಯೋ ಸಿಗುವುದಿಲ್ಲ. ನೆಲೆಯ ದೊಡ್ಡ ಗಾಡಿಯೂ ಅವರ ಬಳಿಯೇ ಇತ್ತು, ಹೋಗಿ ಕೇಳಿ ಬರುವಂತಿರಲಿಲ್ಲ. ಮರಳಲು ಇನ್ನೆರಡು ದಿನ.

ತಂಡದ ಮುಖ್ಯಸ್ಥೆ ನೀಲಗಂಗಾ. ವಿಜಯಪುರದ ಕಡೆಯವಳು, ಗಟ್ಟಿ ಹೆಣ್ಣುಮಗಳು. ಕೊರೆಯುವ ಯಂತ್ರದ ಸದ್ದಿನಲ್ಲಿಯೇ ವರ್ಷಗಳನ್ನು ಕಳೆದು ಮೆಲ್ಲಗೆ ಮಾತಾಡುವುದನ್ನೇ ಮರೆತವಳು. ಕಳೆದ ಕಾರ್ತಿಕದಲ್ಲಿ ಅಗ್ನಿಕೋಣೆಯಲ್ಲಿ ಸಾಲು ದೀಪ ಹಚ್ಚಿದಾಗ ಊಟದ ಮನೆಯಲ್ಲಿ ಎಲ್ಲರೆದುರಿಗೆ ಹೇಳಿದ್ದಳು, ನಾವು ಚಳಿಗೆ ಬೆರಳು ಸೆಟೆಸಿಕೊಂಡು ತಂದದ್ದನ್ನು ನೀವು ಎಣ್ಣೆಯಲ್ಲಿ ಸುಡುತ್ತೀರಿ ಎಂದು. ಅವಳಿಗೆ ಪಂಚಾಂಗ ಬೇಕಿಲ್ಲ. ಅವರ ಮನೆತನದಲ್ಲಿ ಶ್ರಾದ್ಧ ಮಾಡುವ ಪದ್ಧತಿಯೂ ಇಲ್ಲ. ಅವಳು ಏನು ಹೇಳುತ್ತಿದ್ದಳೆಂಬುದು ನನಗೂ ಗೊತ್ತಿತ್ತು, ವೈಜಯಂತಿಗೂ ಗೊತ್ತಿತ್ತು. ಅವಳ ಮಾತನ್ನು ಉಳಿದ ಆರು ಮಂದಿಯಲ್ಲಿ ಮೀರುವವರು ಕಡಿಮೆ.

ವೈಜಯಂತಿ ಕೈಯನ್ನು ಗುಂಡಿಯ ಬಳಿ ಇಟ್ಟುಕೊಂಡಿದ್ದಳು. ಒತ್ತಿದರೆ ಬಾಗಿಲು ತೆರೆಯುತ್ತದೆ, ಮಧ್ಯಾಹ್ನಕ್ಕೆ ಅನ್ನ ಬೇಯುತ್ತದೆ.

“ಒತ್ಲೇನು?” ಎಂದಳು.

ಒದ್ದೆ ಪಂಚೆಯಿಂದ ಚಳಿಯಾಗುತ್ತಿತ್ತು. ನಿಯಮದಲ್ಲಿ ತಪ್ಪಿರಲಿಲ್ಲ. ಸೂಚನೆ ಎಲ್ಲರಿಗೂ ಹೋಗಿತ್ತು, ಹೋದದ್ದಕ್ಕೆ ದಾಖಲೆಯಿತ್ತು. ಊರಾಳರು ನನಗೆ ಹೇಳಿದ ಪ್ರತಿಯೊಂದು ಮಾತನ್ನೂ ನಾನು ನೀಲಗಂಗಾಳಿಗೆ ಹೇಳಬಹುದಾಗಿತ್ತು. ನಮ್ಮ ಮನೆಯಲ್ಲಿ ಅಕ್ಕಿ ತೊಳೆದಿಟ್ಟಿತ್ತು.

“ಬ್ಯಾಡ,” ಎಂದೆ. “ಅವರು ಗುಡ್ಡದ ಹಿಂದ ಅದಾರ. ಒಪ್ಯಾರ ಅಂತ ನಾ ಹೆಂಗ ಬರೀಲಿ?”

ವೈಜಯಂತಿ ಕುರ್ಚಿಯಿಂದ ಎದ್ದಳು. ಚಿಕ್ಕಂದಿನಿಂದ ನನ್ನೆದುರು ದನಿ ಏರಿಸಿದವಳಲ್ಲ. ಅಂದೂ ಏರಿಸಲಿಲ್ಲ.

“ಅಮ್ಮ ಕೇಳಿದ್ದು ಒಂದು ತುತ್ತು ಅನ್ನ. ಆವಾಗೂ ನಿಯಮ ಅಂದ್ರು, ಕೊಡಲಿಲ್ಲ. ಇವತ್ತು ನಿಯಮನs ಕೊಡ್ತೀನಿ ಅಂತದ. ನೀ ಬ್ಯಾಡ ಅಂತೀ. ಅಪ್ಪಾ, ನೀ ಯಾರ ಕಡೆ ಅದೀ?”

ಅವಳು ಗುಂಡಿ ಒತ್ತಲಿಲ್ಲ, ನನ್ನ ಜೊತೆ ಮನೆಗೂ ಬರಲಿಲ್ಲ.

ಬೆಂಕಿ ಸಿಗದ ಕಡೆ ಹಸಿ ಅಕ್ಕಿಯಿಂದಲೇ ಶ್ರಾದ್ಧ ಮಾಡಬಹುದೆಂದು ಶಾಸ್ತ್ರದಲ್ಲಿ ಅವಕಾಶವಿದೆ. ಪ್ರಯಾಣದಲ್ಲಿರುವವರಿಗೆ, ದಿಕ್ಕಿಲ್ಲದವರಿಗೆ ಇಟ್ಟ ಅವಕಾಶ ಅದು. ಮಧ್ಯಾಹ್ನ ನಾನೊಬ್ಬನೇ ಕುಳಿತು, ಅಕ್ಕಿ ಎಳ್ಳು ನೀರು ಹಿಡಿದು, ಮಂತ್ರ ಹೇಳಿದೆ. ದೇವರು ದಯಾಳು, ಹಸಿ ಅಕ್ಕಿಯನ್ನೂ ಅನ್ನವಾಗಿ ಮುಟ್ಟಿಸುತ್ತಾನೆಂಬ ನಂಬಿಕೆ ನನಗುಂಟು. ಆದರೂ ಅಕ್ಕಿ ಅಕ್ಕಿಯೇ. ಕೈಗೆ ತಣ್ಣಗೆ ಹತ್ತಿತು.

ಎರಡು ದಿನ ಕಳೆದು ಹಿಮದ ತಂಡ ಬಂದಿತು. ಕೊರೆಯುವ ಮೊನೆ ನಡುವೆ ಮುರಿದು ಅರ್ಧ ಹೊರೆ ಮಾತ್ರ ತಂದಿದ್ದರು. ಸಂಜೆ ಊಟದ ಮನೆಯಲ್ಲಿ ಸಭೆ ಸೇರಿತು. ವೈಜಯಂತಿ ಏನಾಯಿತೆಂಬುದನ್ನೆಲ್ಲ ಹೇಳಿ, ಏಳು ಮಂದಿಯ ಮತಕ್ಕಾಗಿ ಪ್ರಸ್ತಾಪವನ್ನು ತಡೆಹಿಡಿದಿದ್ದೇವೆಂದಳು. ನನ್ನ ಮುಖ ನೋಡಲಿಲ್ಲ. ತಂಡದ ಒಬ್ಬಿಬ್ಬರು ಕೂತಲ್ಲಿಯೇ, ನಮ್ಮದೇನೂ ಅಡ್ಡಿಯಿಲ್ಲ, ಹೌದೆಂದು ಹಾಕಿಕೊಳ್ಳಿ ಎಂದರು. ನೀಲಗಂಗಾ ಬಟ್ಟಲಿನ ಸಾರು ಮುಗಿಸಿ, ಬಾಯೊರೆಸಿಕೊಂಡು, ನನ್ನ ಎದುರಿನ ಬೆಂಚಿಗೆ ಬಂದು ಕುಳಿತಳು. ಬೆರಳುಗಳಿಗೆ ಬಟ್ಟೆ ಸುತ್ತಿತ್ತು.

“ರಾಯರ, ತಿಥಿ ಮುಗದು ಹೋತಂತಲ್ಲ,” ಎಂದಳು.

ಹೌದೆಂದೆ.

“ಮಾಡ್ಕೊಂಡು ಬಿಡಬೇಕಿತ್ತಲ್ರೀ. ನಾ ಇದ್ದಿದ್ರ ಬ್ಯಾಡ ಅಂತಿದ್ದೆ.”

“ಗೊತ್ತಿತ್ತವಾ.”

“ಗೊತ್ತಿದ್ದೂ ಯಾಕ ಕಾಯ್ದ್ರಿ?”

“ನಿನ್ನ ಬಾಯಿಂದನs ಕೇಳಬೇಕಾಗಿತ್ತು.”

ಅವಳು ಮೆತ್ತಗಾಗುವಳೆಂದು ಪಕ್ಕದವರು ಎಣಿಸಿರಬೇಕು. ನಾನು ಹಾಗೆ ಎಣಿಸಿರಲಿಲ್ಲ.

“ಹಂಗಾರ ಕೇಳ್ರಿ. ಈ ಸಲ ಅರ್ಧನs ತಂದೀವಿ. ಮೊನಿ ಭೂಮಿಯಿಂದ ಬರಬೇಕು. ಅದು ಬರೂತನಾ ಉಸಿರಿಗೇ ಬಿಗಿ ಅದ, ಕೂಸುಗಳ ಕೋಣಿಗೆ ಮೊದಲ ಬೇಕು. ನಂದು ಬ್ಯಾಡ. ಹಿಮ ತುಂಬಿದ ಮ್ಯಾಲ ಮತ್ತ ಕೇಳ್ರಿ. ಆವಾಗ ಏನಂತೀನಿ ಅಂತ ಈಗ ಹೇಳಾಂಗಿಲ್ಲ.”

ಅವಳ ತಂಡದ ಉಳಿದವರೂ ಒಬ್ಬೊಬ್ಬರಾಗಿ ಹೇಳಿದರು. ಹೌದೆಂದವರು ಇಬ್ಬರು. ನಾಲ್ಕು ತುಂಬಲಿಲ್ಲ. ಮತ ಎಣಿಸುವ ಯಂತ್ರ ವೈಜಯಂತಿಯ ಮುಂದೆ ಇತ್ತು. ಅವಳ ಕೈ ಏಳಲಿಲ್ಲ. ನಾನು ಎದ್ದು ಹೋಗಿ, ಅವಳನ್ನು ಸರಿಯಲು ಹೇಳಿ, ನೀಲಗಂಗಾಳ ಹೆಸರಿನ ಮುಂದೆ ‘ಬೇಡ’ ಎಂಬುದನ್ನು ನಾನೇ ಒತ್ತಿದೆ. ಪ್ರಸ್ತಾಪ ಬಿದ್ದಿತು. ಬೇರೆ ಯಾರೋ ಎದ್ದು ಆ ಮೂರು ದಿನದ ನಿಯಮವನ್ನು ಕಿತ್ತುಹಾಕಬೇಕೆಂದರು. ಅದನ್ನಾದರೂ ಎಲ್ಲರೂ ಬಾಯಿಬಿಟ್ಟು ಒಪ್ಪಿದರು.

ವೈಜಯಂತಿ ಆ ರಾತ್ರಿ ಮನೆಗೆ ಬಂದಳು. ಶ್ರಾದ್ಧದ ಅಕ್ಕಿಯನ್ನು ವಿದ್ಯುತ್ ಒಲೆಯ ಮೇಲಿಟ್ಟು ಅನ್ನ ಮಾಡಿದಳು, ಇಬ್ಬರೂ ಮೆಂತ್ಯದ ಹಿಟ್ಟು ಕಲಸಿಕೊಂಡು ಉಂಡೆವು. ಅದಕ್ಕೆ ವಾಸನೆಯಿರಲಿಲ್ಲ. ಮಂದಾಕಿನಿ ಹೇಳುತ್ತಿದ್ದದ್ದು ನಿಜ.

ವೈಜಯಂತಿ ಮಲಗಿದ ಮೇಲೆ ನಾನು, ದಿನಾ ರಾತ್ರಿ ಹೇಳುವ ಹಾಗೆ, ಮಂದಾಕಿನಿಗೆ ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿದೆ. ಊರಾಳರು, ಮೂವತ್ತು ಪುಟ, ಏಳು ಮಂದಿ, ಮುರಿದ ಮೊನೆ. ನೀನಾಗಿದ್ದರೂ ಹೀಗೆಯೇ ಮಾಡುತ್ತಿದ್ದೆಯಲ್ಲವೇ ಎಂದು ಕೇಳಿದೆ. ಎಂದಿನಂತೆ ಉತ್ತರ ಬರಲಿಲ್ಲ. ಇಷ್ಟು ದಿನ ಅವಳು ಸುಮ್ಮನಿದ್ದರೆ ಒಪ್ಪಿದಳೆಂದು ತಿಳಿದುಕೊಂಡು ನಾನು ಮಲಗಿಬಿಡುತ್ತಿದ್ದೆ. ಅಂದು ಹಾಗೆ ತಿಳಿಯುವ ಧೈರ್ಯ ನನಗಾಗಲಿಲ್ಲ.